ಜೋಡಿ ಇಲ್ಲದವನ ಎರಡನೇ ರೆಗ್ಯುಲೇಟರ್

ಇದು ೨೦೦೬ರ ಮಾತು. ಸಂಕ್ರಾಂತಿ ಮುಗಿದು ವಾರವಾಗಿರಬಹುದು. ಆಗ ನಾನು ಗೋಕಾಕದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು, ಸುತ್ತಲಿನ ಊರುಗಳ ಬಾವಿಗಳಲ್ಲಿ ಬಿದ್ದ ಮೋಟರು, ಪೈಪು ಮೇಲೆತ್ತಿಕೊಡುವ ಕೆಲಸ ಮಾಡುತ್ತಿದ್ದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಬಾಯಲ್ಲಿ ಅದರ ಗಾಳಿ ತಂದುಕೊಡುವ ರೆಗ್ಯುಲೇಟರ್ ಕಚ್ಚಿಕೊಂಡು ನೀರಿಗಿಳಿಯುವವನು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಸೇರಿ ನಾನೊಬ್ಬನೇ ಇದ್ದೆ ಅಂತ ಕಾಣುತ್ತದೆ. ಹೆಮ್ಮೆಯಿಂದ ಹೇಳುತ್ತಿಲ್ಲ. ಒಬ್ಬನೇ ಇರುವುದರಲ್ಲಿ ಹೆಮ್ಮೆ ಪಡುವಂಥದ್ದು ಏನೂ ಇಲ್ಲ.

ನನ್ನೂರು ಹತ್ತರಗಿ. ಕೆಲಸ ಕಲಿತದ್ದು ಮಾತ್ರ ಗೋವಾದ ಬಂದರಿನಲ್ಲಿ, ಹಡಗುಗಳ ತಳ ಉಜ್ಜಿಸುವ ಗುತ್ತಿಗೆದಾರನೊಬ್ಬನ ಹತ್ತಿರ. ಅಲ್ಲಿ ಮಾಲವಣ ಕಡೆಯ ಸದಾನಂದ ನನ್ನ ಜೋಡಿ. ನೀರಿಗೆ ಇಬ್ಬಿಬ್ಬರೇ ಇಳಿಯಬೇಕು, ಅದು ಕಟ್ಟುನಿಟ್ಟು. ಪ್ರತಿಯೊಬ್ಬನ ಎದೆಯ ಮೇಲೂ ಇನ್ನೊಂದು ರೆಗ್ಯುಲೇಟರ್ ತೂಗುತ್ತಿರುತ್ತದೆ. ಜೋಡಿಯವನ ಉಸಿರು ಕೈಕೊಟ್ಟರೆ ಅದನ್ನು ಅವನ ಬಾಯಿಗಿಡಬೇಕು. ನನ್ನದು ಅವನಿಗೆ, ಅವನದು ನನಗೆ. ಕೆಲ ವರ್ಷ ಹಾಗೆ ನಡೆಯಿತು. ಆಮೇಲೆ ಗುತ್ತಿಗೆ ನಿಂತಿತು, ಸದಾನಂದ ದುಬೈಗೆ ಹೋದ, ನಾನು ಹಳೆಯ ಒಂದು ಸೆಟ್ಟು ಕಟ್ಟಿಕೊಂಡು ಊರ ಕಡೆ ಬಂದೆ. ಬಾವಿಗಿಳಿಯುವವನಿಗೆ ಹೆಣ್ಣು ಕೊಡುವವರೂ ಸಿಗಲಿಲ್ಲ. ಕೆಲವೊಮ್ಮೆ ಹೆಣ ತೆಗೆಯಲೂ ಕರೆಯುತ್ತಿದ್ದರು. ಅದರ ಮಾತು ಬೇಡ.

ಸಿಲಿಂಡರಿಗೆ ಗಾಳಿ ತುಂಬಿಸಲು ಆಗಾಗ ಗೋವಾಕ್ಕೇ ಹೋಗಬೇಕಾಗುತ್ತಿತ್ತು. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರ್ ಹಿಡಿದು ನಿಲ್ಲಿಸಿದ.

"ಏನ್ರಿ ಅದು, ಗ್ಯಾಸಾ?"

"ಅಲ್ರಿ, ಬರೇ ಗಾಳಿ."

"ಗಾಳಿ ತರಾಕ ಗೋವಾಕ್ಕ ಹೋಗಿದ್ರಿ? ಯಾಕ, ಗೋಕಾಕದಾಗ ಗಾಳಿ ಮುಗದೈತೇನ್ರಿ?"

ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ. ನನ್ನ ಕೆಲಸ ಅವರಿಗೆ ತಮಾಷೆ.

ಅಂಥದೇ ಒಂದು ಸಲ ಹೋದಾಗ ಎರಡನೇ ರೆಗ್ಯುಲೇಟರ್ ಕೊಳ್ಳಲೇಬೇಕೆಂದು ನಿರ್ಧರಿಸಿದೆ. ನನ್ನ ಸೆಟ್ಟಿನಲ್ಲಿ ಇದ್ದದ್ದು ಒಂದೇ, ಅದೂ ಹಳತು. ಅಲ್ಲಿಯ ಡೈವಿಂಗ್ ಸಾಮಾನಿನ ಅಂಗಡಿಯ ಹಿರಿಯರು ಕಾರವಾರದವರು, ಕನ್ನಡ ಬರುತ್ತಿತ್ತು. ಮೂರು ತೆಗೆದು ಮುಂದಿಟ್ಟರು. ಮೊದಲನೆಯದರಲ್ಲಿ ಉಸಿರು ಬೆಣ್ಣೆಯಂತೆ ಬರುತ್ತಿತ್ತು, ಆದರೆ ಎಲ್ಲಿಗಾದರೂ ಬಡಿದರೆ ಗಾಳಿ ಬುಸ್ಸೆಂದು ಸುರಿದುಹೋಗುವ ಜಾತಿ. ಬಾವಿಯಲ್ಲಿ ನಾಲ್ಕೂ ಕಡೆ ಕಲ್ಲು, ಬಡಿಯದೆ ಇರುವುದೇ ಇಲ್ಲ. ಎರಡನೆಯದು ಉದ್ದನೆಯ ಹಳದಿ ಕೊಳವೆಯದು, ನಾವು ಬಂದರಿನಲ್ಲಿ ಹಾಕುತ್ತಿದ್ದಂಥದ್ದೇ. ಮೂರನೆಯದು ಕಪ್ಪು, ಸ್ವಲ್ಪ ಬಿಗಿ, ಎಳೆದರೆ ಮಾತ್ರ ಉಸಿರು ಕೊಡುತ್ತಿತ್ತು. ರಾಡಿ ಹೊಕ್ಕರೆ ಬರಿಗೈಯಲ್ಲೇ ಬಿಚ್ಚಿ ತೊಳೆಯಬಹುದಿತ್ತು.

"ನಿಮ್ಮ ಜೊತೆ ಇಳಿಯೋರು ಯಾರು?" ಎಂದು ಕೇಳಿದರು.

"ಯಾರೂ ಇಲ್ರಿ. ಹೊಲದ ಮಂದಿ ಮ್ಯಾಲ ಹಗ್ಗ ಹಿಡಿತಾರ."

ಅವರು ಕಪ್ಪನ್ನು ನನ್ನ ಕಡೆ ಸರಿಸಿದರು. "ಹಾಗಾದ್ರೆ ಹಳದಿ ಬೇಡ. ಅದು ಇನ್ನೊಬ್ಬರಿಗೆ ಕೊಡೋಕೆ ಇರೋದು. ಈ ಕಪ್ಪು ತಗೊಳ್ಳಿ, ಗಿಡ್ಡ ಕೊಳವೆ ಹಾಕಿಕೊಡ್ತೀನಿ. ಕುತ್ತಿಗೆಗೆ ಕಟ್ಟಿಕೊಂಡ್ರೆ ಗದ್ದದ ಕೆಳಗೇ ಇರುತ್ತೆ."

ಮಾತು ಸರಿಯೇ ಇತ್ತು. ಆದರೂ ಹಳದಿಯದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತೆ. ಅದನ್ನು ಕೊಂಡರೆ ನಾಳೆ ಯಾರಾದರೂ ಜೊತೆಗೆ ಸಿಗಬಹುದು ಎಂಬ ಹುಚ್ಚು ಆಸೆ. ಕಪ್ಪನ್ನು ಕೊಂಡರೆ ಇನ್ನು ಯಾರೂ ಬರುವುದಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗೆ. ಕೊನೆಗೆ ಕಪ್ಪನ್ನೇ ಕೊಂಡೆ. ಆದರೆ ವಾಪಸು ಬರುವಾಗ ದಾರಿಯುದ್ದಕ್ಕೂ ಯಾರ ಜೊತೆಗೂ ಮಾತಾಡಬೇಕು ಅನ್ನಿಸಲಿಲ್ಲ.

ಅದಾಗಿ ಕೆಲವೇ ದಿನಕ್ಕೆ ನಾಗನೂರಿನಿಂದ ಕರೆ ಬಂತು. ಬಾಳವ್ವ ಎಂಬವರ ಹೊಲದ ಬಾವಿಯಲ್ಲಿ ಹಗ್ಗ ಹರಿದು ಮೋಟರು ತಳ ಸೇರಿತ್ತು. ಬಾಳವ್ವ ಐವತ್ತು ದಾಟಿದ ಗಟ್ಟಿ ಹೆಂಗಸು, ಅವರ ಮೈದುನ ರಾಮಪ್ಪ ಹಗ್ಗ ಹಿಡಿಯಲು ಬಂದಿದ್ದ. ನನ್ನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ನಾನು ಒಂದೇ ಸಮನೆ ಜಗ್ಗಿದರೆ ಮೇಲಕ್ಕೆ ಎಳೆಯಬೇಕು ಎಂದು ಅವನಿಗೆ ಹೇಳಿಕೊಟ್ಟೆ. ಹೊಸ ರೆಗ್ಯುಲೇಟರನ್ನು ಕುತ್ತಿಗೆಗೆ ಕಟ್ಟಿ, ರಾಡಿ ಹತ್ತದಿರಲಿ ಎಂದು ಅಂಗಿಯೊಳಗೆ ತೂರಿಸಿದೆ. ಸಿಲಿಂಡರ್ ಹೊತ್ತು ಬಾವಿಯ ಕೊನೆಯ ಮೆಟ್ಟಿಲಲ್ಲಿ ಕೂತೆ. ಅಷ್ಟರಲ್ಲಿ ಬಾಳವ್ವ ಪೂಜೆಯ ತಾಟು ಹಿಡಿದು ಇಳಿದು ಬಂದರು.

"ತಡಿ ತಮ್ಮಾ, ಹಂಗ ಇಳೀಬ್ಯಾಡ. ಗಂಗವ್ವಗ ಕೈ ಮುಗದ ಇಳಿ."

ನೀರಿಗೆ ಅರಿಶಿನ, ಕುಂಕುಮ ಹಾಕಿದರು. ನನ್ನ ಹಣೆಗೆ ಭಂಡಾರದ ಅರಿಶಿನ, ಸಿಲಿಂಡರಿಗೆ ಭಂಡಾರ. ಆಮೇಲೆ ಹೆಗಲ ಮೇಲೆ ತೂಗುತ್ತಿದ್ದ ಹಳೆಯ ರೆಗ್ಯುಲೇಟರ್ ಕೈಗೆತ್ತಿಕೊಂಡು, "ಉಸರ ಕೊಡೂದು ಇದ ಅಲ್ಲ?" ಎನ್ನುತ್ತ ಅದರ ಬಾಯಿಗೇ ಒಂದು ಚಿಟಿಕೆ ಭಂಡಾರ, ನಾಲ್ಕು ಅಕ್ಷತೆ ಕಾಳು ಹಾಕಿದರು. ನಾನು "ಬ್ಯಾಡ್ರಿ ಅಕ್ಕಾರ" ಅನ್ನುವುದರೊಳಗೆ ಪೂಜೆ ಮುಗಿದಿತ್ತು. ಕೊಡವಿದೆ, ನೀರಲ್ಲಿ ಅಲ್ಲಾಡಿಸಿದೆ, ಬಾಯಲ್ಲಿಟ್ಟು ಉಸಿರೆಳೆದು ನೋಡಿದೆ. ಸರಿಯಿತ್ತು. ಇಳಿದೆ.

ತಳದಲ್ಲಿ ಕಣ್ಣಿದ್ದೂ ಕುರುಡು. ಕೈಯಾಡಿಸಿ ಮೋಟರು ಹುಡುಕಿ, ಅದಕ್ಕೆ ಇನ್ನೊಂದು ಹಗ್ಗ ಬಿಗಿಯಲು ತಲೆ ಕೆಳಗೆ ಮಾಡಿ ಬಾಗಿದೆ. ಉಸಿರೆಳೆದರೆ ಗಾಳಿಯ ಜೊತೆ ನೀರು ಬಂತು. ಜೋರಾಗಿ ಊದಿ ಮತ್ತೆ ಎಳೆದೆ, ಮತ್ತೆ ನೀರು. ಗಂಟಲಿಗೆ ಹೊಕ್ಕಿತು, ಕೆಮ್ಮು ಹತ್ತಿತು. ನೀರೊಳಗೆ ಕೆಮ್ಮುವುದೆಂದರೆ ಏನೆಂದು ಹೇಳಲು ಬರುವುದಿಲ್ಲ. ಅಭ್ಯಾಸದಿಂದ ಕೈ ಪಕ್ಕಕ್ಕೆ ಚಾಚಿತು, ಸದಾನಂದನ ಕಡೆಗೆ. ಕಲ್ಲು ಸಿಕ್ಕಿತು. ಆಗ ಹೊಳೆದು ಅಂಗಿಯೊಳಗಿನದನ್ನು ಎಳೆದು ಬಾಯಿಗಿಟ್ಟುಕೊಂಡೆ. ಬಿಗಿಯಾಗಿಯೇ ಕೊಟ್ಟಿತು, ಆದರೆ ಕೊಟ್ಟದ್ದು ಬರೀ ಗಾಳಿ. ಸೊಂಟದ ಹಗ್ಗ ಜಗ್ಗಿದೆ, ರಾಮಪ್ಪ ಎಳೆದುಕೊಂಡ.

ಮೆಟ್ಟಿಲ ಮೇಲೆ ಬಿದ್ದು ಕೆಮ್ಮಿ ಕೆಮ್ಮಿ ಕಕ್ಕಿದೆ. ಉಸಿರು ಬಂದ ಕೂಡಲೇ ಸಿಟ್ಟೂ ಬಂತು.

"ಅಕ್ಕಾರ, ನಿಮ್ಮ ಪೂಜಿ ನನ್ನ ಜೀವಾ ತಗೀತಿತ್ತು ಈಗ!"

"ಏ, ಹಿರೇರ ಜೋಡಿ ಹಿಂಗ ಮಾತಾಡಬ್ಯಾಡ್ರಿ" ಎಂದ ರಾಮಪ್ಪ.

ಹಳೆಯದನ್ನು ಬಿಚ್ಚಿದೆ. ಉಸಿರು ಹೊರಹೋಗುವಲ್ಲಿ ತೆಳ್ಳನೆಯ ರಬ್ಬರ್ ಮುಚ್ಚಳವೊಂದು ಇರುತ್ತದೆ. ಅದರ ಅಡಿಯಲ್ಲಿ ಅರಿಶಿನ ಹಚ್ಚಿದ ಒಂದು ಅಕ್ಕಿ ಕಾಳು ಸಿಕ್ಕಿಕೊಂಡಿತ್ತು. ನಾನು ತಲೆ ಕೆಳಗೆ ಮಾಡಿದಾಗ ಒಳಗುಳಿದಿದ್ದ ಕಾಳು ಅಲ್ಲಿಗೆ ಸರಿದಿರಬೇಕು, ನೀರು ಬಂದದ್ದು ಆ ಸಂದಿಯಿಂದ. ಕಾಳನ್ನು ಬಾಳವ್ವನವರ ಅಂಗೈಗೆ ಹಾಕಿದೆ.

"ಇಷ್ಟ?" ಎಂದರು.

"ಇಷ್ಟರಿ."

ಅವರ ಮುಖ ಸಣ್ಣದಾಯಿತು. ನನ್ನ ಕೈಯಿಂದ ರೆಗ್ಯುಲೇಟರ್ ತೆಗೆದುಕೊಂಡು, ಕೊಡದಲ್ಲಿದ್ದ ಕುಡಿಯುವ ನೀರಿನಿಂದ ಕೂಸಿನ ಬಾಯಿ ತೊಳೆಯುವ ಹಾಗೆ ತೊಳೆದುಕೊಟ್ಟರು.

"ಮತ್ತ ಇಳೀತಿಯೇನ್ ತಮ್ಮಾ? ಮೋಟರ್ ಹೋದ್ರ ಹೋಗ್ಲಿ ಬಿಡು."

"ಈಗ ಇಳೀಲಿಲ್ಲಂದ್ರ ಮುಂದ ಎಂದೂ ಇಳಿಯಾಕ ಆಗಂಗಿಲ್ರಿ." ಅದು ಖರೆ. ನನಗೆ ಗೊತ್ತಿದ್ದ ಕೆಲಸ ಅದೊಂದೇ.

"ಕೆಳಗ ಏನರ ಕಾಣತೈತೇನು?"

"ಏನೂ ಇಲ್ರಿ."

"ಕೇಳೂದು?"

"ನನ್ನ ಉಸರ ಒಂದ ಕೇಳತೈತ್ರಿ."

ಅವರು ನೀರಿಗೆ ತಾಗಿದ ಮೆಟ್ಟಿಲಲ್ಲಿ ಕೂತರು.

ಎರಡನೇ ಸಲ ಇಳಿದಾಗ ಹೆದರಿಕೆ ಬಿಟ್ಟು ಬೇರೇನೂ ಇರಲಿಲ್ಲ ನನ್ನೊಳಗೆ. ಸತ್ತರೆ ಇಲ್ಲೇನಾಯಿತು ಎಂದು ತಿಳಿಯುವ ಒಬ್ಬನೂ ಈ ಸೀಮೆಯಲ್ಲಿಲ್ಲ, ಅದೇ ಯೋಚನೆ. ಹೇಗೋ ಮೋಟರಿಗೆ ಹಗ್ಗ ಬಿಗಿದು ಮೇಲೆ ಬಂದೆ. ರಾಮಪ್ಪ ನಗುತ್ತಿದ್ದ.

"ವೈನಿ ಬಾವಿ ಜೋಡಿ ಮಾತಾಡಾಕತ್ತಿದ್ಲು ನೋಡ್ರಿ! ನೀವು ಮುಳುಗಿದಾಗಿಂದ ಬಾಯಿ ಮುಚ್ಚಿಲ್ಲ."

ಬಾಳವ್ವನವರ ದನಿ ಖರೆಯೇ ಒಡೆದುಹೋಗಿತ್ತು. ಏನು ಹೇಳಿದಿರಿ ಎಂದು ಕೇಳಿದೆ. ನಾಚಿಕೊಂಡು ಸೆರಗು ಬಾಯಿಗೆ ಹಿಡಿದರು.

"ಏನಿಲ್ಲೋ ತಮ್ಮಾ. ಮನಿ ಸುದ್ದಿ, ಎಮ್ಮಿ ಸುದ್ದಿ. ನಿನಗ ಕೇಳಸಂಗಿಲ್ಲ ಅಂತ ಗೊತ್ತಿತ್ತು. ಆದ್ರೂ ಕೆಳಗ ಒಬ್ಬನ ಇದ್ದೀ ಅಲ್ಲ, ಸುಮ್ಮಕ ಹೆಂಗ ಕುಂಡ್ರೂದು?"

ಮುಖಕ್ಕೆ ನೀರು ಎರಚಿಕೊಂಡೆ. ಮುಖ ಆಗಲೇ ಒದ್ದೆ ಇದ್ದದ್ದರಿಂದ ಅದರ ಅಗತ್ಯವಿರಲಿಲ್ಲ, ಆದರೂ ಎರಚಿಕೊಂಡೆ.

ಆ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಅಂದು ನನ್ನ ಜೀವ ಉಳಿಸಿದ್ದು ಅಂಗಿಯೊಳಗಿದ್ದ ರೆಗ್ಯುಲೇಟರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೋಣೆಯಲ್ಲಿ ಒಬ್ಬನೇ ಕೂತಾಗ ಅದು ನೆನಪಾಗುವುದಿಲ್ಲ. ನಾನು ನೀರೊಳಗಿದ್ದಾಗ ಬಾಳವ್ವ ಏನೇನು ಹೇಳಿದ್ದರೋ ಎಂದು ಯೋಚಿಸುತ್ತೇನೆ. ನನಗೆಂದೇ ಯಾರೋ ಅಷ್ಟು ಹೊತ್ತು ಮಾತಾಡಿದ್ದು ಅದೊಂದೇ ಸಲ, ಅದರಲ್ಲಿ ಒಂದು ಮಾತೂ ನನಗೆ ಗೊತ್ತಿಲ್ಲ. ಇನ್ನೊಮ್ಮೆ ಹೇಳ್ರಿ ಅಕ್ಕಾರ ಅಂತ ಅವತ್ತೇ ಕೇಳಬೇಕಿತ್ತು.