ಗುಡ್ಡನ ‘ಬತ್ತೆ’ ಚೀಟಿಗಳು
ಗಂಗೊಳ್ಳಿಯ ಐಸ್ ಪ್ಲಾಂಟಿನ ಕೆಲಸ ಮುಗಿಸಿ ಗೆಳೆಯ ಗುಡ್ಡ ಗ್ರಂಥಾಲಯಕ್ಕೆ ಬಂದನೆಂದರೆ ಹೊಸ ಪುಸ್ತಕಗಳ ಕಪಾಟು ಬೇರೆಯವರಿಗೆ ಸಿಗುತ್ತಿರಲಿಲ್ಲ. ಒಂದೇ ಸಂಜೆ ಐದು ಪುಸ್ತಕ ಶುರುಮಾಡಿ, ನಿಲ್ಲಿಸಿದ ಪುಟದಲ್ಲೆಲ್ಲ ‘ಬತ್ತೆ’ ಎಂದು ಬರೆದ ಚೀಟಿ ಇಡುತ್ತಿದ್ದ. ನಮ್ಮಲ್ಲಿ ಹೊರಡುವವರು ‘ಹೋಗುತ್ತೇನೆ’ ಅನ್ನುವುದಿಲ್ಲವಲ್ಲ, ‘ಬತ್ತೆ’, ಅಂದರೆ ‘ಬರುತ್ತೇನೆ’ ಅನ್ನುತ್ತಾರೆ. ಪುಸ್ತಕಕ್ಕೂ ಅದೇ ಮರ್ಯಾದೆ. ಶನಿವಾರ ಅಲ್ಲೇ ತೋರಿಸುವ ಸಿನಿಮಾದ ನಡುವೆ ಚಾ ಕುಡಿಯಲು ಎದ್ದರೆ ಕುರ್ಚಿಗೂ ಒಂದು ಚೀಟಿ. “ಹ್ವಾಯ್ ಗುಡ್ಡಣ್ಣ, ಬೇರೆಯವ್ರ್ ಓದುಕಾಗ್ದಾ?” ಎಂದು ಗ್ರಂಥಪಾಲಕಿ ಸುಗುಣ ರೇಗಿದರೆ, “ಓದ್ಲಿ ಮಾರಾಯ್ತಿ, ಚೀಟಿ ಮಾತ್ರ ತೆಗುಕಾಗ. ನಾ ಬಪ್ಪುದ್ ಪುಸ್ತಕಕ್ಕ್ ಗೊತ್ತಾಯ್ಕಲೆ!” ಅನ್ನುತ್ತಿದ್ದ. ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗಲೂ ಅವನಿಗೆ ಅರ್ಧಕ್ಕೆ ಬಿಟ್ಟ ಕಾದಂಬರಿಯದೇ ಚಿಂತೆ. “ಕಡಿಕ್ ಎಂತಾಯ್ತ್ ಅಂದೇಳಿ ಓದ್ಕಂಡ್ ಬಂದ್ ಹೇಳ್ ಮಾರಾಯ” ಅಂದ. ‘ಬತ್ತೆ’ ಅಂದು ಹೊರಟೆ. ನಾನು ಓದಿ ಮುಗಿಸುವಷ್ಟರಲ್ಲಿ ಅವನಿರಲಿಲ್ಲ. ಆ ಕಾದಂಬರಿ ಈಗಲೂ ಹೊಸ ಪುಸ್ತಕಗಳ ಕಪಾಟಿನಲ್ಲೇ ಇದೆ. ಸುಗುಣ ಅವನ ಚೀಟಿಯನ್ನು ತೆಗೆದಿಲ್ಲ. ಕೊನೆಯ ಪುಟದಲ್ಲಿ ನಾನೂ ಒಂದು ಚೀಟಿ ಇಟ್ಟು ಬಂದಿದ್ದೇನೆ. ಅದರಲ್ಲೂ ಅದೇ ಬರೆದಿದೆ: ಬತ್ತೆ.