ಹೆಸರು ತಿದ್ದಿಸಿದ್ದು

ಕೊಡಿಗೇಹಳ್ಳಿಯ ಹಳೇ ಮನೆಗಳ ಹಿಂದೆ ಒಂದು ಸರ್ಕಾರಿ ಬಂಡೆಜಾಗ ಇತ್ತು. ಅವರೆ, ತೊಗರಿಯ ವಂಶಕ್ಕೇ ಸೇರಿದ, ಗೇಣುದ್ದದ, ಹಳದಿ ಹೂವಿನ ಒಂದು ಗಿಡ ಆ ಬಂಡೆ ಸಂದಿನಲ್ಲಿ ಬೆಳೀತಿತ್ತು. ಬೇರೆ ಎಲ್ಲೂ ನಾನು ಅದನ್ನ ಕಂಡಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿಕೊಂಡೇ ಅರಣ್ಯ ಇಲಾಖೆ ಕಚೇರಿಗೆ ಎಡತಾಕಿ ಎಡತಾಕಿ, ಅದನ್ನ ಕಾಪಾಡಬೇಕಾದ ಗಿಡಗಳ ಪಟ್ಟಿಗೆ ಸೇರಿಸಿದವಳು ನಾನು. ಸುತ್ತ ತಂತಿಬೇಲಿ ಬಂತು, ಹೆಸರಿನ ಬೋರ್ಡೂ ಬಂತು.

ಆ ಹೆಸರೇ ತಪ್ಪು ಅಂತ ಗೊತ್ತಾಗಿದ್ದು ಆಮೇಲೆ. ಗಂಗಾನಗರದ ನಮ್ಮನೆ ಊಟದ ಮೇಜಿನ ಮೇಲೆ ಮೊಗ್ಗು ಸೀಳಿ ಲೆನ್ಸಲ್ಲಿ ನೋಡಿದೆ. ಬೋರ್ಡಿನ ಹೆಸರು ಹೇಳೋ ಕುಲದ ಗಿಡಗಳಲ್ಲಿ ಹತ್ತು ಕೇಸರವೂ ಬುಡದಲ್ಲಿ ಒಟ್ಟಿಗೆ ಅಂಟಿಕೊಂಡಿರಬೇಕು. ಇದರಲ್ಲಿ ಒಂಬತ್ತು ಒಟ್ಟಿಗೆ, ಹತ್ತನೇದು ಬೇರೆ. ಕಾಯಿಯೂ ಒಣಗಿದಾಗ ಬಿರಿಯದೆ ಗೆಣ್ಣು ಗೆಣ್ಣಾಗಿ ಮುರೀತಿತ್ತು. ಮೂರು ಮಳೆಗಾಲ ಕೂತು ನೋಡಿ, ಬೇರೆ ಕುಲಕ್ಕೆ ಸೇರಿಸಿ ಪ್ರಬಂಧ ಬರೆದೆ. ಅಚ್ಚಾಯಿತು. ಹೆಸರಿಟ್ಟವರ ಹೆಸರನ್ನೂ ಸೇರಿಸೋ ರೂಢಿಯಂತೆ ಹೊಸ ಹೆಸರಿನ ಕೊನೆಗೆ ನನ್ನ ಹೆಸರು. ಕಾಲು ನೆಲದ ಮೇಲೆ ನಿಲ್ಲಲಿಲ್ಲ ನನಗೆ.

ಅಲ್ಲಿಗೆ ಸುಮ್ಮನಿರಬಹುದಿತ್ತು. ಬೋರ್ಡಿನ ಮೇಲಿನ ಹಳೇ ಹೆಸರು ನೋಡಿದಾಗಲೆಲ್ಲ ಮೈ ಉರೀತಿತ್ತು. "ಯಾರ್ ಓದ್ತಾರೆ ಬಿಡೇ ಅದನ್ನ, ಇದ್ದಂಗೆ ಇರ್ಲಿ" ಅಂದ್ರು ನಮ್ಮ ಮನೆಯವರು. ನಾನು ಕೇಳಬೇಕಲ್ಲ. ಈ ಹೆಸರು ಇನ್ನು ಚಾಲ್ತಿಯಲ್ಲಿಲ್ಲ, ತೆಗೆದು ಹೊಸದನ್ನು ಹಾಕಿ ಅಂತ ಅರ್ಜಿ ಬರೆದು, ಪ್ರಬಂಧದ ಪ್ರತಿ ಲಗತ್ತಿಸಿ, ಕಚೇರಿಗೆ ನಾನೇ ಹೋಗಿ ಕೊಟ್ಟು ಸೀಲ್ ಹಾಕಿಸಿಕೊಂಡು ಬಂದೆ.

ಹಳೇದನ್ನ ತೆಗೆದರು. ಆ ಕಚೇರಿಯಲ್ಲಿ ಅಷ್ಟು ಚುರುಕಾಗಿ ಕೆಲಸ ಆಗಿದ್ದನ್ನ ನಾನು ನೋಡಿದ್ದು ಅದೊಂದೇ ಸಲ. ಹೊಸದನ್ನ ಹಾಕಲಿಲ್ಲ. ಮುಂದಿನ ಶ್ರಾವಣದಲ್ಲಿ ಹೋಗಿ ನೋಡಿದರೆ ಬೇಲಿ ಇಲ್ಲ, ಬಂಡೆಯೂ ಇಲ್ಲ. ವಾಕಿಂಗ್ ಟ್ರ್ಯಾಕಿಗೆ ಅಂತ ನೆಲ ಸಮ ಮಾಡಿ ಜಲ್ಲಿ ಸುರಿದಿದ್ದರು. ಹಾಗೇ ಕಚೇರಿಗೆ ಓಡಿದೆ. ಅಧಿಕಾರಿ ಪಾಪ, ಕುರ್ಚಿ ಕೊಟ್ಟು ಕೂರಿಸಿ ಫೈಲ್ ನನ್ನ ಕಡೆ ತಿರುಗಿಸಿದರು.

"ಈ ಹೆಸರು ತೆಗೀರಿ ಅಂತ ನೀವೇ ಬರ್ಕೊಟ್ಟಿದ್ದೀರಲ್ಲ ಮೇಡಂ. ಪಟ್ಟಿಯಿಂದ ತೆಗೆದ್ವಿ, ಆಮೇಲೆ ಆ ಜಾಗಕ್ಕೆ ರಕ್ಷಣೆ ಇರಲ್ಲ. ಹೊಸ ಹೆಸರು ಪಟ್ಟಿಗೆ ಬರ್ಬೇಕು ಅಂದ್ರೆ ಮೊದಲಿಂದ ಪ್ರಸ್ತಾವನೆ ಕಳಿಸ್ಬೇಕು."

"ಗಿಡ ಅದೇ ಅಲ್ವೇನ್ರೀ?"

"ಫೈಲಲ್ಲಿ ಹಂಗಿಲ್ಲ ಮೇಡಂ."

ಅರ್ಜಿಯ ಕೆಳಗೆ ಸಹಿ ನನ್ನದೇ ಇತ್ತು. ಒಂದು ಬೀಜವಾದರೂ ಸಿಕ್ಕೀತು ಅಂತ ಎರಡು ಭಾನುವಾರ ಆ ಜಲ್ಲಿ ಕೆದಕಿದೆ. ವಾಕಿಂಗ್ ಬಂದವರು ಉಂಗುರ ಕಳೆದುಕೊಂಡ್ರಾ ಅಂತ ಕೇಳಿದರು. ಏನೂ ಸಿಗಲಿಲ್ಲ.

ಹೋದ ತಿಂಗಳು ಬೇರೆ ಊರಿನ ಸಂಶೋಧಕಿಯೊಬ್ಬಳು ಮೇಲ್ ಮಾಡಿದ್ದಳು. ನನ್ನ ಪ್ರಬಂಧವನ್ನ ಬಹಳ ಹೊಗಳಿ, ಸ್ವಲ್ಪ ಬೀಜ ಕಳಿಸಿಕೊಡಿ ಅಂತ ಕೇಳಿದ್ದಳು. ಅಲ್ಲಿ ಈಗ ಒಂದು ಗಿಡವೂ ಉಳಿದಿಲ್ಲ ಅಂತ ಬರೆದೆ. ಹೇಗೆ ಹೋಯಿತು ಮೇಡಂ ಅಂತ ತಕ್ಷಣ ಕೇಳಿದಳು. ನಾನೇ ಅರ್ಜಿ ಕೊಟ್ಟು ತೆಗೆಸಿದೆ ಅಂತ ಉತ್ತರ ಕಳಿಸಿದೆ.