ತಟ್ಟೆಯಲ್ಲಿ ಉಳಿದ ವೀಳ್ಯದೆಲೆ

ಇವತ್ತು ಬೆಳಗ್ಗೆ ಹೊತ್ತು ಮಾರುದ್ದ ಏರುವಷ್ಟರಲ್ಲಿ ನನಗೆ ಮೊಮ್ಮಗಳು ಹುಟ್ಟಿದಳು. ತಾಯಿ, ಮಗು ಇಬ್ಬರೂ ಕ್ಷೇಮ. ಮಗು ಅತ್ತಿತು. ಅದರ ಅಳು ಕೇಳಿ ಹೆರಿಗೆ ಮನೆಯ ಜಗಲಿಯಲ್ಲಿ ನಿಂತಿದ್ದ ನಾನೂ ಅತ್ತೆ. ನರ್ಸಮ್ಮ ಬಾಗಿಲು ತೆರೆದು, ಹೆಣ್ಣು ಮಗು, ಬೇಜಾರಿಲ್ಲ ತಾನೆ ಎಂದು ಕೇಳಿದರು. ಬೇಜಾರೆಲ್ಲಿಂದ ಬಂತು, ಉಸಿರಾಡುವ ಮಗು ಅಂದರೆ ಸಾಕಾಗಿತ್ತು ನನಗೆ. ಎದುರಿಗೆ ಬಂದವರಿಗೆಲ್ಲ ಹೇಳಿದೆ. ಹಾಲು ಹಾಕುವವನಿಗೆ ಎರಡು ಸಲ ಹೇಳಿದೆನಂತೆ.

ನಾನು ಓದಿದ್ದು ಮೂರನೇ ಕ್ಲಾಸು. ಇವತ್ತಿನ ಸಂತೋಷವನ್ನಷ್ಟೇ ಬರೆಯೋಣ ಅಂತ ಕೂತೆ. ಆದರೆ ಮಗು ಹುಟ್ಟಿದ ಆ ಕಟ್ಟಡದ ಕಥೆ ಬಿಟ್ಟು ಅದನ್ನು ಬರೆಯೋಕಾಗುವುದಿಲ್ಲ, ಆ ಕಥೆಯಲ್ಲಿ ನಾನು ಒಳ್ಳೆಯವನಲ್ಲ.

ಹೊಳೆನರಸೀಪುರ ತಾಲ್ಲೂಕು, ಹಳ್ಳಿಮೈಸೂರು ಕಡೆಯ ನಮ್ಮ ಮೂರು ಊರು ಸೇರಿಸಿ ಸರ್ಕಾರ ಒಂದು ಗ್ರೂಪ್ ಪಂಚಾಯಿತಿ ಮಾಡಿತ್ತು. ನಮ್ಮದು ದಿಣ್ಣೆಯ ಮೇಲಿನ ಊರು, ಇನ್ನೊಂದು ಬಸ್ಸು ಓಡಾಡುವ ರಸ್ತೆ ಪಕ್ಕದ್ದು, ಮೂರನೆಯದು ನಾಲೆಯ ಆಚೆಗಿನದು. ನಮ್ಮೂರಿನ ಹಿರಿಯ ಮೆಂಬರು ನಾನು. ಹೆಚ್ಚು ಜನ ಕೈ ಎತ್ತಿದರೆ ತೀರ್ಮಾನವಾಯಿತು ಅಂತ ಕಾನೂನು. ನಾವು ಅದಕ್ಕೆ ಒಪ್ಪಲಿಲ್ಲ. ಮೂರೂರಿನವರು ಒಬ್ಬರಿಗೊಬ್ಬರು ಹೆಣ್ಣು ಕೊಟ್ಟು ತಂದವರು. ಕೈ ಎತ್ತಿ ಗೆದ್ದು, ನಾಳೆ ಸೋತವರ ಮನೆಯ ಹಬ್ಬದೂಟಕ್ಕೆ ಯಾವ ಮುಖ ಹೊತ್ತು ಹೋಗೋದು? ಹಾಗಾಗಿ ಊರಿಗೊಂದರಂತೆ ಮೂರು ವೀಳ್ಯದೆಲೆ ತಟ್ಟೆಯಲ್ಲಿ ಇಡುತ್ತಿದ್ದೆವು. ಒಪ್ಪಿದ ಊರಿನ ಹಿರಿಯ ತನ್ನ ಎಲೆ ಎತ್ತಿಕೊಳ್ಳಬೇಕು. ಒಂದು ಎಲೆ ಉಳಿದರೂ ಸೆಕ್ರೆಟರಿ ಪುಸ್ತಕದಲ್ಲಿ ತೀರ್ಮಾನ ಬರೆಯುವ ಹಾಗಿಲ್ಲ.

ಸೆಕ್ರೆಟರಿ ಚನ್ನರಾಯಪಟ್ಟಣದವರು, ತಾಳ್ಮೆಯ ಮನುಷ್ಯ. ಅಷ್ಟು ದೊಡ್ಡ ದೊಡ್ಡ ಸೀಮೆಗಳೇ ಸೇರಿ ಒಂದು ರಾಜ್ಯವಾಯಿತು, ನಿಮ್ಮ ಮೂರು ಊರಿಗೇನು ಕಷ್ಟ ಎಂದು ಒಮ್ಮೆ ಕೇಳಿದರು. ರಸ್ತೆಯೂರಿನ ಹಿರಿಯ ಹೇಳಿದ, "ಆ ಸೀಮೆಯೋರು ಒಬ್ರ ಮನೇಲ್ ಒಬ್ರು ಉಣ್ಣಾಕಿಲ್ಲ ಕಣಪ್ಪ. ಅವ್ರಿಗೆ ಸಲೀಸು."

ಹೆರಿಗೆ ಮನೆ ಮಂಜೂರಾಗಬಹುದು, ಜಾಗ ತೀರ್ಮಾನ ಮಾಡಿ ಕಳಿಸಿ ಎಂದು ತಾಲ್ಲೂಕು ಬೋರ್ಡಿನಿಂದ ಕಾಗದ ಬಂತು. ರಸ್ತೆಯೂರಿನವರು ತಮ್ಮ ಹೊಲದ ಅಂಚು ಕೊಡುತ್ತೇವೆ ಎಂದರು. ಬಸ್ಸು, ನೀರು ಎರಡೂ ಅಲ್ಲಿದ್ದವು. ಆದರೆ ಶಾಲೆಯೂ ಅವರಲ್ಲೇ, ಅಂಚೆಯೂ ಅವರಲ್ಲೇ, ಇದಾದರೂ ನಮಗೆ ಬರಲಿ ಎಂದು ನಮ್ಮೂರಿನವರು ಹೇಳಿ ಕಳಿಸಿದ್ದರು. ನಾನು ಎಲೆ ಮುಟ್ಟಲಿಲ್ಲ. ಮುಂದಿನ ಸಭೆಗೆ ಸೆಕ್ರೆಟರಿ, ಜಾಗ ರಸ್ತೆಯೂರಿನದೇ ಆಗಲಿ, ಹೆರಿಗೆ ಮನೆಯ ಬಾಗಿಲ ಮೇಲಿನ ಫಲಕದಲ್ಲಿ ಮೂರೂರಿನ ಹೆಸರೂ ಇರಲಿ ಎಂದು ಬರೆದು ತಂದರು. ನಮ್ಮ ಹೆಸರು ಮೊದಲಿರಲಿ ಎಂದೆ. ತಿದ್ದಿದರು. ಆಗ ನಾಲೆಯಾಚೆಯವನ ಎಲೆ ಉಳಿಯಿತು.

ಕೊನೆಗೆ ಒಂದು ದಿನ ಮೂರು ಎಲೆಯೂ ಎದ್ದವು. ಮೂರೂರಿನ ಎಲ್ಲೆ ಕೂಡುವ ಕಲ್ಲುಗುಡ್ಡದ ಮೇಲೆ ಕಟ್ಟುವುದು ಅಂತ ತೀರ್ಮಾನ. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ ಅಂತ ನಾವೆಲ್ಲ ಹಿಗ್ಗಿ, ಬೆಲ್ಲದ ಪಾನಕ ಕುಡಿದು ಎದ್ದೆವು. ಅಲ್ಲಿ ನೀರಿಲ್ಲ, ಗಾಡಿ ಹತ್ತುವ ದಾರಿಯಿಲ್ಲ ಅನ್ನುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಕಾಗದ ಹೊಳೆನರಸೀಪುರಕ್ಕೆ ಹೋಯಿತು, ಅಲ್ಲಿಂದ ಹಾಸನಕ್ಕೆ ಹೋಯಿತು. ಯಾರೋ ಬಂದು ಗುಡ್ಡ ನೋಡಿದರು. ತಿಂಗಳುಗಳು ಕಳೆದ ಮೇಲೆ, ಬೇರೆ ಜಾಗ ತಿಳಿಸಿ ಎಂದು ಅದೇ ಕಾಗದ ತಿರುಗಿ ಬಂತು.

ಆ ತಿಂಗಳುಗಳಲ್ಲೇ ನನ್ನ ಮಗಳು ಚೊಚ್ಚಲ ಹೆರಿಗೆಗೆ ಅರಕಲಗೂಡು ಕಡೆಯ ಗಂಡನ ಮನೆಯಿಂದ ಬಂದಿದ್ದಳು. ನೋವು ಶುರುವಾಗಿ ಎರಡನೇ ದಿನ, ಇನ್ನು ನನ್ನ ಕೈಲಾಗದು ಎಂದು ಸೂಲಗಿತ್ತಿ ಹೊರಗೆ ಬಂದಳು. ಗಾಡಿಗೆ ಹುಲ್ಲು ಹಾಸಿ ಹೊಳೆನರಸೀಪುರದ ದಾರಿ ಹಿಡಿದೆವು. ರಸ್ತೆಯೂರು ದಾಟುವಾಗ, ಅವರು ಕೊಡುತ್ತೇವೆ ಎಂದಿದ್ದ ಜಾಗದಲ್ಲಿ ಹುರುಳಿ ಹೂ ಬಿಟ್ಟಿತ್ತು. ಮಗಳು ಅದನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ. ನಾನು ನೋಡಿದೆ. ಅಲ್ಲಿಂದ ಒಂದು ಹರದಾರಿ ಹೋಗಿರಬಹುದು, ಗಾಡಿಯಲ್ಲೇ ಗಂಡು ಮಗು ಹುಟ್ಟಿತು. ಅಳಲಿಲ್ಲ. ನನ್ನ ಹೆಂಡತಿ ಅದರ ಬೆನ್ನು ತಟ್ಟಿದಳು, ಕಾಲು ಹಿಡಿದು ತಟ್ಟಿದಳು. ಅಳಲೇ ಇಲ್ಲ.

ಮಗಳು ಉಳಿದಳು. ಏಳುವಷ್ಟಾದ ಮೇಲೆ ಗಂಡನ ಮನೆಗೆ ಹೊರಟವಳು ಬಾಗಿಲಲ್ಲಿ ನಿಂತು, "ಅಪ್ಪ, ಇಲ್ಲಿಗೆ ನರ್ಸಮ್ಮ ಬರೋಗಂಟ ನಾನು ಈ ಹೊಸ್ತಿಲು ತುಳಿಯಾಕಿಲ್ಲ" ಅಂದಳು. ಬೈದಿದ್ದರೆ ಎಷ್ಟೋ ಮೇಲಾಗಿತ್ತು. ಆಮೇಲೆ ಹಬ್ಬಕ್ಕೂ ಬರಲಿಲ್ಲ. ನಾನೇ ಹೋದರೆ ನೀರು ಕೊಡುತ್ತಿದ್ದಳು, ಒಳಗೆ ಹೋಗುತ್ತಿದ್ದಳು.

ಮುಂದಿನ ಸಭೆಯಲ್ಲಿ ಮತ್ತೆ ರಸ್ತೆಯೂರಿನ ಹೊಲದ ಅಂಚಿನ ಮಾತೇ ಬಂತು, ತಟ್ಟೆ ಇಡುತ್ತಲೇ ನನ್ನ ಎಲೆ ಎತ್ತಿಕೊಂಡೆ. ರಸ್ತೆಯೂರಿನವನೂ ಎತ್ತಿಕೊಂಡ. ನಾಲೆಯಾಚೆಯ ಹಿರಿಯ ಕೈ ಕಟ್ಟಿ ಕೂತಿದ್ದ.

"ನೀನು ಕಳ್ಕಂಡ್ ಮೇಲೆ ಎತ್ಕಂಡೆ ಕಣಣ್ಣ" ಅಂದ. "ನಾವು ಯಾವಾಗ ಎತ್ಕಬೇಕು? ತುಂಬಿದ್ ನಾಲೆ ದಾಟಿ ನಮ್ ಹೆಣ್ಮಕ್ಳು ಎಂಗ್ ಬತ್ತಾರೆ?"

ಅಷ್ಟು ಸಭೆ ಕೂತಿದ್ದರೂ ಆ ಮಾತನ್ನು ನಾವು ಅವನಿಂದ ಕೇಳಿರಲಿಲ್ಲ. ಅವನು ಹೇಳಿದ್ದಿದ್ದರೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಆ ವರ್ಷ ನಮ್ಮೂರಿಗೆ ಅಂತ ಒಂದು ಬಾವಿ ಒಪ್ಪಿಗೆಯಾಗಿತ್ತು. ಅದನ್ನು ಬಿಟ್ಟುಕೊಡುತ್ತೇನೆ, ಬದಲಿಗೆ ನಾಲೆಗೊಂದು ಕಾಲುಸೇತುವೆ ಆಗಲಿ ಎಂದೆ. ನಮ್ಮೂರಿನವರನ್ನು ಕೇಳದೆ ಹೇಳಿದೆ. ಅವನು ನನ್ನ ಮುಖವನ್ನೇ ನೋಡಿದ, ಆಮೇಲೆ ಎಲೆ ಎತ್ತಿಕೊಂಡ. ಸೆಕ್ರೆಟರಿ ತಡಮಾಡದೆ ಬರೆದರು.

ಊರಿಗೆ ಬಂದು ಹೇಳಿದೆ. ನನ್ನ ತಮ್ಮನೇ, "ಊರ ಬಾಯಿಗೆ ಮಣ್ಣಾಕಿ ಬಂದ್ಬುಟ್ಟೆ ಕಣಣ್ಣ" ಅಂದ. ಮುಂದಿನ ಚುನಾವಣೆಯಲ್ಲಿ ನನ್ನನ್ನು ಸೋಲಿಸಿದರು. ನಮ್ಮ ಹೆಂಗಸರು ಇವತ್ತಿಗೂ ದಿಣ್ಣೆ ಇಳಿದು ಹೋಗಿ ನೀರು ಹೊತ್ತು ತರುತ್ತಾರೆ, ನನ್ನ ಹೆಂಡತಿಯೂ ಅವರ ಜೊತೆ. ಕೆಲವರು ನಮ್ಮ ಮನೆ ಮುಂದೆ ಬಂದಾಗ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಅವರದು ತಪ್ಪು ಅಂತ ನಾನು ಹೇಳಲಾರೆ. ಮೊದಲನೇ ಸಭೆಯಲ್ಲೇ ಎತ್ತಿಕೊಂಡಿದ್ದರೆ ಬಾವಿಯೂ ಉಳಿಯುತ್ತಿತ್ತೇನೋ, ಆ ಗಂಡು ಮಗುವೂ ಉಳಿಯುತ್ತಿತ್ತೇನೋ. ಇದನ್ನು ನಾನು ಎಷ್ಟು ಸಲ ಲೆಕ್ಕ ಹಾಕಿದ್ದೇನೋ ದೇವರಿಗೇ ಗೊತ್ತು.

ಕಟ್ಟಡ ಎದ್ದು ನರ್ಸಮ್ಮ ಬರುವಷ್ಟರಲ್ಲಿ ಇನ್ನೆರಡು ಮಳೆಗಾಲ ಕಳೆಯಿತು. ಹೋದ ತಿಂಗಳು ಮಗಳು ತುಂಬು ಬಸುರಿಯಾಗಿ ಬಂದು ಬಸ್ಸಿಳಿದಳು. ಮನೆಗೆ ಬರುವ ಮೊದಲು ನೇರ ಹೋಗಿ ನರ್ಸಮ್ಮನನ್ನು ಮಾತಾಡಿಸಿಕೊಂಡು ಬಂದಳು.

ಇವತ್ತು ಸಂಜೆ ನನ್ನ ಹೆಂಡತಿ ಅಡುಗೆಯನ್ನೆಲ್ಲ ಕುಕ್ಕೆಯಲ್ಲಿಟ್ಟುಕೊಂಡು ಹೆರಿಗೆ ಮನೆಗೇ ಹೊತ್ತು ತಂದಳು. ನಮಗೆ ಮುದ್ದೆ, ಸೊಪ್ಪಿನ ಸಾರು. ಬಾಣಂತಿಗೆ ಬೇರೆಯಾಗಿ ಅನ್ನ, ಮೆಣಸಿನ ಸಾರು, ತುಪ್ಪ. ಮಗ, ಸೊಸೆ, ಅಳಿಯ, ನನ್ನ ತಮ್ಮ ಎಲ್ಲರೂ ಜಗಲಿಯ ಮೇಲೆ ಸಾಲಾಗಿ ಕೂತೆವು. ಮಗಳು ಒಳಗೆ ಬಾಗಿಲ ಪಕ್ಕದ ಮಂಚದಲ್ಲಿ ಕೂತು ಉಣ್ಣುತ್ತಿದ್ದಳು, ಮಗು ಪಕ್ಕದಲ್ಲೇ ಮಲಗಿತ್ತು. ಆ ಗಾಡಿಯ ಮಾತು ಯಾರೂ ಎತ್ತಲಿಲ್ಲ. ಆದರೂ ನಾನು ಮುದ್ದೆ ಮುರಿದು ಹಾಗೇ ಕೂತಿದ್ದೆ.

"ಅಪ್ಪ, ಉಣ್ಣು. ಸಾರು ಆರೋಯ್ತದೆ" ಅಂದಳು ಒಳಗಿನಿಂದ.

ಉಂಡೆ. ಹೆಂಡತಿ ಕೇಳದೆಯೇ ಇನ್ನೊಂದು ಮುದ್ದೆ ಹಾಕಿದಳು, ಅದನ್ನೂ ಉಂಡೆ.